ಬೆಳಕು ಮಾತ್ರ ದಾಟಬೇಕು

ದೇವೀರಮ್ಮನಿಗೆ ಒಬ್ಬನೇ ಮಗ, ಕೆಂಚ. ಹೇಳಿದ್ದನ್ನು ಹೇಳಿದಂತೆಯೇ ಮಾಡುವವನು. ಅದೇ ತೊಂದರೆ. ಪೆದ್ದನ ತಾಯಿ ಎಂದು ಬೀದಿಯವರು ಯಾರೂ ಅವಳ ಹತ್ತಿರ ಮಾತಿಗೆ ಕೂರುತ್ತಿರಲಿಲ್ಲ. ಅವಳಿಗಿದ್ದ ಜೊತೆಯೆಂದರೆ ನಡುಗೋಡೆಯಲ್ಲಿ ಹೆಬ್ಬೆರಳು ಹೋಗುವಷ್ಟು ಒಂದು ತೂತು. ಆಚೆ ಮನೆಯಲ್ಲಿ ಹಾಸಿಗೆ ಹಿಡಿದ ಜುಲೇಖಮ್ಮ. ಸೊಸೆ ಬೀಗ ಹಾಕಿಕೊಂಡು ಕೆಲಸಕ್ಕೆ ಹೋದಮೇಲೆ ಅವಳಿಗೂ ಅದೇ ತೂತು.

"ಅಕ್ಕಾ, ಏನು ಸಾರು?" ಎನ್ನುವಳು ಜುಲೇಖಮ್ಮ.

"ಹುರುಳಿ ಕಣೇ. ನಿಂದು?"

ಹೀಗೇ ದಿನ ಕಳೆಯುತ್ತಿತ್ತು.

ಕೆಂಚನಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಕಬ್ಬಿಣದ ಪೆಟ್ಟಿಗೆಯ ಗೋಡೆಗೆ ಕನೆಕ್ಟರ್ ಕೂರಿಸುವುದು. ಕನೆಕ್ಟರಿನೊಳಗೆ ಕೂದಲಿನಷ್ಟು ಸಣ್ಣ ಗಾಜಿನೆಳೆ. ಅದರಲ್ಲಿ ಹಾದು ಬೆಳಕು ಗೋಡೆ ದಾಟುತ್ತದೆ.

ಮೇಸ್ತ್ರಿ ಹೇಳಿದ: "ಬೆಳಕು ದಾಟಬೇಕು, ಗಾಳಿ ದಾಟಬಾರದು. ಎಳೆ ತುದಿಗೆ ಧೂಳು ಕೂತರೆ ಕೆಟ್ಟಿತು. ಮುಚ್ಚಳ ಹಾಕಿಡು!"

ಕೆಂಚ ಮುಚ್ಚಳ ಹಾಕಿದ. ಹಾಕಿದ್ದ ಹಾಗೇ ಜೋಡಿಸಿದ. ಪೆಟ್ಟಿಗೆಯೊಳಗೆ ಕತ್ತಲೋ ಕತ್ತಲು!

"ಲೋ ಪೆದ್ದಾ! ಮುಚ್ಚಳ ತೆಗೀಬೇಕು ಕಣೋ!"

ಮರುದಿನ ಕೆಂಚ ತೆಗೆದ. ಡಬ್ಬದಲ್ಲಿದ್ದ ಅಷ್ಟೂ ಕನೆಕ್ಟರುಗಳ ಮುಚ್ಚಳ ತೆಗೆದು, ಬರೀ ಕನೆಕ್ಟರುಗಳನ್ನು ಕಸ ಗುಡಿಸುತ್ತಿದ್ದ ಕಡೆ ಸಾಲಾಗಿ ಜೋಡಿಸಿಟ್ಟ.

"ಅಯ್ಯೋ, ಧೂಳು! ಒರೆಸೋ!"

ಒರೆಸಿದ. ಬೋಂಡ ತಿಂದು ಕೈಯೊರೆಸಿದ್ದ ಟವಲಿನಲ್ಲಿ!

ಮೇಸ್ತ್ರಿ ಸೋತ. "ನಿನಗೆ ಒಂದೇ ಮಾತು ಸಾಕು. ಗೋಡೆಯಲ್ಲಿ ತೂತು ಕಂಡರೆ ಕನೆಕ್ಟರ್ ಇಡು, ಸುತ್ತ ಅಂಟು ತುಂಬು. ನಾಳೆ ತಪ್ಪಿದರೆ ಕೆಲಸ ಇಲ್ಲ." ಕೈ ಪಳಗಲೆಂದು ಮುಚ್ಚಳ ಸಮೇತ ಒಂದು ಹಳೇ ಕನೆಕ್ಟರನ್ನೂ ಒಂದಿಷ್ಟು ಅಂಟನ್ನೂ ಕೊಟ್ಟು ಕಳಿಸಿದ.

ಮಗ ಮನೆಗೆ ಬಂದು ಹೇಳಿದ್ದು ಕೇಳಿ ದೇವೀರಮ್ಮ ಹಣೆ ಚಚ್ಚಿಕೊಂಡಳು. "ಮೇಸ್ತ್ರಿ ಹೇಳಿದ್ದನ್ನ ಮನೇಲೂ ಮಾಡಿ ರೂಢಿ ಮಾಡ್ಕೊಳ್ಳೋ, ನನ್ನಪ್ಪಾ!" ಎಂದು ಕೊಡ ಹಿಡಿದು ನಲ್ಲಿಗೆ ಹೋದಳು.

ನಲ್ಲಿಯ ಹತ್ತಿರ ಉದ್ದ ಸಾಲು. ಅವಳು ಬರುವಷ್ಟರಲ್ಲಿ ನಡುಗೋಡೆಯ ತೂತಿನಲ್ಲಿ ಕನೆಕ್ಟರ್ ಕೂತಿತ್ತು. ಸುತ್ತ ಅಂಟು ಕಲ್ಲಾಗಿತ್ತು.

"ಚೂರೂ ಗಾಳಿ ದಾಟಲ್ಲಮ್ಮ! ಬೆಳಕು ಮಾತ್ರ!"

ಅವಳು ಕೊಡ ಇಳಿಸದೆಯೇ ಗೋಡೆಗೆ ಕಿವಿಯಿಟ್ಟಳು. "ಜುಲೇಖಾ! ಏ ಜುಲೇಖಾ!"

ಸದ್ದಿಲ್ಲ.

ಗಾಜಿನೆಳೆಯ ತುದಿಯಲ್ಲಿ ಸಾಸಿವೆಗಿಂತ ಸಣ್ಣದೊಂದು ಬೆಳಕು. ಅದು ಆರಿತು. ಮತ್ತೆ ಹತ್ತಿತು. ಮತ್ತೆ ಆರಿತು. ಆಚೆ ಜುಲೇಖಮ್ಮ ಬೆರಳಿಟ್ಟು ತೆಗೆಯುತ್ತಿದ್ದಳು.

ದೇವೀರಮ್ಮ ಮೆಲ್ಲಗೆ ತಾನೂ ಬೆರಳು ಚಾಚಿದಳು.

"ಅಯ್ಯೋ, ಮುಟ್ಟಬೇಡಮ್ಮ! ಧೂಳು ಕೂರುತ್ತೆ!"

ಕೆಂಚ ಓಡಿಬಂದು ಮುಚ್ಚಳ ಹಾಕಿದ.