ಎಲ್ಲಾ ಕಡೆ ಗುರುನಂಜಪ್ಪ

ಬಡಾವಣೆ ಸಂಘದ ಬೆಳ್ಳಿಹಬ್ಬದ ಸಂಚಿಕೆ ಇನ್ನೇನು ಅಚ್ಚಿಗೆ ಹೋಗಬೇಕು, ಹೊಸ ಅಧ್ಯಕ್ಷ ಗುರುನಂಜಪ್ಪ ಡಿಟಿಪಿ ಅಂಗಡಿಗೆ ನುಗ್ಗಿದರು.

"ಅಧ್ಯಕ್ಷರ ಹೆಸರಿರೋ ಜಾಗಕ್ಕೆ ನನ್ನ ಹೆಸರು ಹಾಕಮ್ಮ!"

ಟೈಪ್ ಮಾಡುತ್ತಿದ್ದ ವನಮಾಲಾ ತಲೆ ಎತ್ತಲಿಲ್ಲ. "ಕಂಪ್ಯೂಟರ್ ಕೇಳ್ತಿದೆ ಸರ್. ಮೊದಲು ಸಿಕ್ಕಿದ್ದು ಮಾತ್ರ ಬದಲಿಸಲಾ, ಎಲ್ಲಾ ಕಡೆನಾ?"

"ಎಲ್ಲಾ ಕಡೆ!"

"ಮಾಜಿ, ಹಾಲಿ ಅಂತ ಭೇದ ನೋಡಲಾ?"

"ಯಾವ ಭೇದವೂ ಬೇಡ!"

ವನಮಾಲಾ ಹೇಳಿದಂತೆಯೇ ಟಿಕ್ ಹಾಕಿ ಪ್ರೂಫ್ ತೆಗೆದುಕೊಟ್ಟಳು. ಪಾರ್ಕು ಮಾಡಿಸಿದ್ದು ಗುರುನಂಜಪ್ಪ. ನಲ್ಲಿ ನೀರು ತಂದದ್ದೂ ಗುರುನಂಜಪ್ಪ. ಅವರು ಮೀಸೆ ತಿರುವುತ್ತಾ ಕೊನೆಯ ಪುಟಕ್ಕೆ ಬಂದರು.

"ನಮ್ಮನ್ನಗಲಿದ ಮಾಜಿ ಅಧ್ಯಕ್ಷ ಗುರುನಂಜಪ್ಪನವರ ಆತ್ಮಕ್ಕೆ ಶಾಂತಿ ಸಿಗಲಿ."

ಕೈ ಮೀಸೆಯಲ್ಲೇ ನಿಂತಿತು. "ಅಯ್ಯೋ, ಮೊದಲಿದ್ದ ಹಾಗೇ ಮಾಡಮ್ಮ!"

"ಮಾಡಿದ್ರೆ ಎಲ್ಲಾ ಕಡೆನೂ ಹಳೇ ಹೆಸರೇ ಬರುತ್ತೆ ಸರ್. ಪಾರ್ಕು ಹೋಗುತ್ತೆ, ನೀರೂ ಹೋಗುತ್ತೆ."

"ಎರಡೂ ಹೋಗ್ಲಿ ತಾಯಿ, ಜೀವ ಒಂದು ಉಳಿಸು!"