ಬಿದಿರು ಹಿಡಿದು ದಾರಿ ನಡೆದವನು

"ಗುರುಗಳೇ, ಮಾಡಿಕೊಡುತ್ತೇನೆ ಎಂದವನಿಗೆ ಕೈ ಮುಗಿಯುತ್ತೇವೆ. ಆಗುವುದಿಲ್ಲ ಎಂದವನಿಗೂ ಮುಗಿಯಬೇಕೇ?"

ಶಿಷ್ಯ ಹಾಗೆ ಕೇಳಲು ಕಾರಣವಿತ್ತು. ಆಶ್ರಮದ ಅಡುಗೆಮನೆಯ ಮಾಳಿಗೆಯ ಮೇಲೆ ದೊಡ್ಡ ನೀರಿನ ತೊಟ್ಟಿ ಕಟ್ಟಿಸಬೇಕಿತ್ತು. ಬೆಳಿಗ್ಗೆ ಬಂದ ಮೇಸ್ತ್ರಿ ಗೋಡೆ ತಟ್ಟಿ ನೋಡಿ, ಇದು ಭಾರ ತಡೆಯುವುದಿಲ್ಲ ಎಂದಿದ್ದ. ಶಿಷ್ಯ ಅವನನ್ನು ಬೈದು ಕಳಿಸಿದ್ದ.

ಗುರು ಹೇಳಿದರು:

ಒಬ್ಬ ಕಾಗದದ ಗಿರಣಿಯ ಯಜಮಾನನಿದ್ದ. ಅವನ ಬಾಯ್ಲರ್ ಒಡೆದು ಗಿರಣಿ ನಿಂತಿತು. ಇನ್ನೂರು ಜನ ಕೆಲಸವಿಲ್ಲದೆ ಕೂತರು. ಹೊಸ ಬಾಯ್ಲರ್ ಹಡಗಿನಲ್ಲಿ ಬಂದರಿಗೆ ಬಂದು ಇಳಿಯಿತು. ಅರವತ್ತು ಟನ್ ಭಾರ, ಎರಡಾಳು ಎತ್ತರ. ಅದನ್ನು ಗಿರಣಿಗೆ ತರಲು ಸಾಗಣೆದಾರ ಬೇಕಾಗಿದ್ದ. ಇಬ್ಬರು ಬಂದರು.

ಮೊದಲನೆಯವನು ಕಾರಿನಿಂದ ಇಳಿಯಲಿಲ್ಲ. ಗಾಜು ಇಳಿಸಿ, "ನಾಡಿದ್ದು ನಿಮ್ಮ ಬಾಗಿಲಲ್ಲಿರುತ್ತೆ" ಎಂದ. ದುಡ್ಡಿದ್ದವನ ಎದುರು ಹೌದು ಎನ್ನಲು ಕಾಲು ಸವೆಸಬೇಕಾಗಿಲ್ಲ.

ಎರಡನೆಯವನು ಒಂದು ಬಿದಿರು ಕಡಿಸಿದ. ಗಾಡಿಯ ಮೇಲೆ ಏರಿಸಿದರೆ ಬಾಯ್ಲರಿನ ನೆತ್ತಿ ಎಷ್ಟು ಎತ್ತರ ಬರುತ್ತದೋ ಅಷ್ಟುದ್ದ. ಅದನ್ನು ನೆಟ್ಟಗೆ ಹಿಡಿದು ಬಂದರಿನಿಂದ ಗಿರಣಿಯವರೆಗೆ ನಡೆದ. ತಗಲುವ ತಂತಿಗೊಂದು, ಕೊಂಬೆಗೊಂದು ಕಚ್ಚನ್ನು ಬಿದಿರಿನಲ್ಲಿ ಕೆತ್ತಿದ. ಸೇತುವೆ ಬಂದಾಗಲೆಲ್ಲ ಕೆಳಗಿಳಿದು ನೋಡಿದ. ಆರು ದಿನದ ಮೇಲೆ ಹಿಂತಿರುಗಿದ.

"ಆಗಲ್ಲ ಸಾವ್ಕಾರ್ರೇ. ಹಳ್ಳದ ಸೇತುವೆ ತಡೆಯಲ್ಲ."

"ಆರು ದಿನ ಬಿದಿರು ಹೊತ್ಕೊಂಡು ಹೋಗಿದ್ಯಲ್ಲ, ಮದುವೆ ಚಪ್ಪರ ಹಾಕೋಕೆ ಹೋಗಿದ್ಯಾ?"

"ಸೇತುವೆ ಕೆಳಗೆ ಬಟ್ಟೆ ಒಗೆಯೋ ಹೆಂಗಸರನ್ನ ಕೇಳಿದೆ. ಭಾರದ ಗಾಡಿ ಹೋದಾಗೆಲ್ಲ ತಲೆ ಮೇಲೆ ಗಾರೆ ಉದುರುತ್ತಂತೆ. ಸುತ್ತು ದಾರಿ ಒಂದಿದೆ. ಆದರೆ ಅದರ ತಿರುವಿಗೆ ನನ್ನ ಗಾಡಿ ಆಗಿಬರಲ್ಲ. ಬೇರೆಯವರಿಗೆ ಕೊಡಿ."

"ಹೇಡಿ! ನಡಿ ಆಚೆ."

ಅವನು ಬಿದಿರನ್ನು ಬಂದರಿನ ಗೇಟಿಗೆ ಒರಗಿಸಿ, "ಯಾರು ಹೊರಟರೂ ಇದು ಬೇಕಾಗುತ್ತೆ" ಎಂದು ಕಾವಲುಗಾರನಿಗೆ ಎಲ್ಲ ವಿವರಿಸಿ ಹೋದ.

ಯಜಮಾನ ಕಾರಿನವನಿಗೇ ಹೊರೆ ಒಪ್ಪಿಸಿದ. ಚಕ್ರದಡಿ ನಿಂಬೆಹಣ್ಣು ಇಟ್ಟು ಗಾಡಿ ಹೊರಡಿಸಿದರು. ಕಾರಿನವನ ಸಂಬಳದ ಚಾಲಕನಿಗೆ ಗೇಟಿನಲ್ಲಿ ಕಾವಲುಗಾರ ಬಿದಿರು ಕೊಟ್ಟು, ಕೇಳಿದ್ದನ್ನು ಹೇಳಿದ. ಚಾಲಕ ಹಳ್ಳದ ಬಳಿ ಗಾಡಿ ನಿಲ್ಲಿಸಿ, ಸೇತುವೆಯ ಕೆಳಗಿಳಿದು ನೋಡಿದ. ಮೇಲೆ ಬಂದವನು ಸುತ್ತು ದಾರಿ ಹಿಡಿದ. ಹನ್ನೊಂದು ದಿನವಾಯಿತು. ಬಾಯ್ಲರ್ ಗಿರಣಿ ಸೇರಿತು. ಇನ್ನೂರು ಮನೆಯ ಒಲೆ ಹೊತ್ತಿತು. ಯಜಮಾನ ಹಾರ ತರಿಸಿ ಕಾರಿನವನಿಗೆ ಹಾಕಿದ.

ತಿಂಗಳೊಳಗೆ, ಮಾಮೂಲಿ ಮರಳಿನ ಲಾರಿಯೊಂದು ಹೋಗುವಾಗಲೇ ಆ ಸೇತುವೆ ಕುಸಿಯಿತು. ಯಜಮಾನ ಓಡಿಹೋಗಿ ನೋಡಿದ. ಹೆಂಗಸರು ದೂರದಲ್ಲಿ, ಹಳ್ಳದ ಮೇಲ್ಗಡೆ ಬಟ್ಟೆ ಒಗೆಯುತ್ತಿದ್ದರು.

ಅವರಲ್ಲೊಬ್ಬಳು ಹೇಳಿದಳು: "ಬಿದಿರು ಹಿಡ್ಕೊಂಡು ಒಬ್ಬಣ್ಣ ಬಂದಿದ್ದ. ಇಲ್ಲಿ ಕೂರಬೇಡಿ ತಾಯಿ ಅಂತ ನಮ್ಮ ಒಗೆಯೋ ಕಲ್ಲನ್ನೆಲ್ಲ ತಾನೇ ಹೊತ್ತು ಇಲ್ಲಿ ತಂದು ಹಾಕಿದ. ಅವನ ಹೊಟ್ಟೆ ತಣ್ಣಗಿರಲಿ."

ಯಜಮಾನ ಬಿದಿರಿನವನನ್ನು ಹುಡುಕಲು ಹೊರಟ. ಹಾರ ಹಾಕಿಸಿಕೊಂಡವನ ವಿಳಾಸ ಎಲ್ಲರಿಗೂ ಗೊತ್ತಿತ್ತು. ಆಗಲ್ಲ ಎಂದವನದನ್ನು ಯಾರೂ ಬರೆದಿಟ್ಟಿರಲಿಲ್ಲ. ಗಿರಣಿಯ ಮೂಲೆಯಲ್ಲಿ ಬಿದ್ದಿದ್ದ ಬಿದಿರನ್ನು ತನ್ನ ಹೆಗಲ ಮೇಲೇ ಹೊತ್ತು, ಅದನ್ನು ತೋರಿಸಿ ಊರೂರಲ್ಲಿ ಕೇಳಿದ. ಏಳನೆಯ ದಿನ ಅವನು ಸಿಕ್ಕ. ಗಾಡಿಯ ಅಚ್ಚಿಗೆ ಗ್ರೀಸು ಹಚ್ಚುತ್ತಿದ್ದ.

ಯಜಮಾನ ಬಿದಿರನ್ನು ಕೆಳಗಿಟ್ಟು ಕೈ ಮುಗಿದ. ಅವನು ಗ್ರೀಸಿನ ಕೈಯಲ್ಲೇ ಆ ಕೈಗಳನ್ನು ಹಿಡಿದು, "ಅಯ್ಯೋ, ಇದೆಲ್ಲ ಯಾಕೆ? ಆ ಹೆಂಗಸರು ಹೇಗಿದ್ದಾರೆ?" ಎಂದ.

"ಒಗೀತಾ ಇದ್ದಾರಪ್ಪ. ಎಲ್ಲರೂ ಇದ್ದಾರೆ" ಎಂದ ಯಜಮಾನ. ಅವನ ಕಣ್ಣು ತುಂಬಿತ್ತು.

ಅಲ್ಲಿಂದ ಮುಂದೆ ಬಂದರಿನಲ್ಲಿ ಯಾವ ಹೊರೆ ಇಳಿದರೂ ಯಜಮಾನ ಮೊದಲು ಹೋಗುತ್ತಿದ್ದುದು ಆ ಬಿದಿರಿನವನ ಮನೆಗೆ.

ಇಷ್ಟು ಹೇಳಿ ಗುರು ಅಡುಗೆಮನೆಯ ಕಡೆ ನೋಡಿದರು. ಒಳಗೆ ನಾಲ್ವರು ಹೆಂಗಸರು ರೊಟ್ಟಿ ತಟ್ಟುತ್ತಿದ್ದರು. ಶಿಷ್ಯನೂ ಅತ್ತ ನೋಡಿ ತಲೆ ತಗ್ಗಿಸಿದ.

ಗುರು ಕೇಳಿದರು: "ಆ ಮೇಸ್ತ್ರಿಯ ಮನೆ ಎಲ್ಲಿದೆ?"