ಕೆರೆ ಏರಿಗೆ ನಲವತ್ತು ಒಪ್ಪ

ಹುಲಿಗೊಂದಿಯ ಪಾಳೆಯಗಾರ ಕೆಂಚಪ್ಪನಾಯಕನಿಗೆ ತನ್ನ ಸಭೆಯ ಮೇಲೆ ಬಲು ಹೆಮ್ಮೆ. ಯಾವ ಅತಿಥಿ ಬಂದರೂ ಮೀಸೆ ತಿರುವಿ ಹೇಳುತ್ತಿದ್ದ: "ನಮ್ಮಲ್ಲಿ ನಲವತ್ತು ಜನ ಸಭಾಸದರು. ಅವರು ಕೂತು ಯೋಚಿಸದೆ ಈ ಸೀಮೆಯಲ್ಲಿ ಒಂದು ಕಲ್ಲೂ ಅಲುಗುವುದಿಲ್ಲ!"

ಮಾತು ನಿಜವೇ. ಕಲ್ಲು ಅಲುಗಿ ಮೂರು ವರ್ಷವಾಗಿತ್ತು.

ಇಪ್ಪತ್ತು ಜನ ದಳವಾಯಿ ಭೈರರಸನ ಕಡೆ. ಅವರದು ಕೆಂಪು ರುಮಾಲು. ಇಪ್ಪತ್ತು ಜನ ಪ್ರಧಾನಿ ಶೇಷಪ್ಪಯ್ಯನ ಕಡೆ, ಅವರದು ಬಿಳಿ. ದಳವಾಯಿ ಕೆಮ್ಮಿದರೆ ಇಪ್ಪತ್ತು ಕೆಂಪು ರುಮಾಲೂ ಕೆಮ್ಮುತ್ತಿದ್ದವು. ಆಗ ಬಿಳಿಯವರು ನಿಜವಾಗಿ ಕೆಮ್ಮು ಬಂದರೂ ನುಂಗಿಕೊಳ್ಳುತ್ತಿದ್ದರು.

ಒಂದು ದಿನ ಕೆರೆ ತೂಬು ನೋಡಿಕೊಳ್ಳುವ ನೀರುಗಂಟಿ ದ್ಯಾವಣ್ಣ ಏದುಸಿರು ಬಿಡುತ್ತ ಸಭೆಗೆ ಬಂದ. "ಬುದ್ಧೀ, ದೊಡ್ಡಕೆರೆಯ ಏರಿ ಸೋರುತ್ತಿದೆ. ಮೊನ್ನೆ ಬೆರಳು ಗಾತ್ರ ಇತ್ತು, ಇವತ್ತು ಮುಂಗೈ ಗಾತ್ರ ಆಗಿದೆ. ಈಗಲೇ ಮಣ್ಣು ಹಾಕದಿದ್ದರೆ ಊರು ಉಳಿಯೋದಿಲ್ಲ."

"ತಕ್ಷಣ ದುರಸ್ತಿ ಆಗಬೇಕು!" ಎಂದ ದಳವಾಯಿ.

"ಏರಿ ಗಟ್ಟಿಯಾಗಿದೆ, ಮುಟ್ಟಕೂಡದು!" ಎಂದ ಪ್ರಧಾನಿ. ಅವನು ಕೆರೆಯ ಕಡೆ ತಲೆ ಹಾಕಿ ಎಷ್ಟು ಕಾಲವಾಗಿತ್ತೋ. ದಳವಾಯಿ ಬೇಕೆಂದನಲ್ಲ, ಅಷ್ಟೇ ಸಾಕಿತ್ತು.

ನೋಡಿಬರಲು ಬಿಳಿ ರುಮಾಲಿನ ವೀರಭದ್ರಯ್ಯನನ್ನು ಕಳಿಸಿದರು. ಅವನು ಮರಳಿದಾಗ ಪಂಚೆ ಮೊಣಕಾಲವರೆಗೆ ತೊಯ್ದು ನೀರು ತೊಟ್ಟಿಕ್ಕುತ್ತಿತ್ತು.

"ಸೋರುತ್ತಿದೆಯೇನಯ್ಯ?" ನಾಯಕ ಕೇಳಿದ.

ವೀರಭದ್ರಯ್ಯ ಪ್ರಧಾನಿಯ ಮುಖ ನೋಡಿದ. "ಇಲ್ಲ ಪ್ರಭು. ಒಣಗಿ ಬಿರುಕು ಬಿಡುವ ಹಾಗಿದೆ," ಎನ್ನುತ್ತ ಪಂಚೆ ಹಿಂಡಿಕೊಂಡ.

ನಾಯಕನಿಗೆ ಪೇಚಾಟ. ಒಬ್ಬನ ಕೈಯಲ್ಲಿ ಸೈನ್ಯ, ಇನ್ನೊಬ್ಬನ ಕೈಯಲ್ಲಿ ಕಣಜ. ಯಾರ ಪರ ನಿಂತರೂ ಇನ್ನೊಬ್ಬ ಮುನಿಯುತ್ತಾನೆ. ಆ ಸಿಟ್ಟೆಲ್ಲ ಓಲೆ ಬರೆಯುವ ಹಂಪಯ್ಯನ ಮೇಲೆ ತಿರುಗಿತು. ಅವನು ಮೂಲೆಯಲ್ಲಿ ಕೂತು ವೀರಭದ್ರಯ್ಯನ ಪಂಚೆ ನೋಡಿ ಕಿಸಕ್ಕನೆ ನಕ್ಕಿದ್ದ.

"ನಗುತ್ತೀಯಾ? ನಾಳೆ ಮಧ್ಯಾಹ್ನದೊಳಗೆ ಈ ನಲವತ್ತೂ ಜನರನ್ನು ಒಂದೇ ಮಾತಿಗೆ ಒಪ್ಪಿಸು. ನನ್ನ ಹೆಸರು ಹೇಳಿ ಹೆದರಿಸಕೂಡದು. ಆಗದಿದ್ದರೆ ಗಡಿ ದಾಟಿ ಹೋಗು!"

ಹಂಪಯ್ಯ ಓಲೆಯ ಕಟ್ಟು ಎತ್ತಿಕೊಂಡು ಹೊರಟ. ನೇರವಾಗಿ ಕೆರೆಗೆ ಹೋದ. ಏರಿಯ ಬುಡದಲ್ಲಿ ಕೆಸರು ಬುಳುಬುಳು ಉಕ್ಕುತ್ತಿತ್ತು. ಕೈಯಿಟ್ಟು ನೋಡಿದ, ಮೊಣಕೈವರೆಗೆ ಒಳಗೆ ಹೋಯಿತು. ಗಡಿ ದಾಟುವ ಚಿಂತೆ ಅಲ್ಲೇ ಮರೆತುಹೋಯಿತು. ಒಡೆದರೆ ದಾಟಲು ಯಾರೂ ಉಳಿಯುವುದಿಲ್ಲ.

ಮನೆಗೆ ಬಂದು ಒಂದೇ ಒಕ್ಕಣೆಯ ಎರಡು ಓಲೆ ಬರೆದ: "ಏರಿಯ ದುರಸ್ತಿ ಕೂಡಲೇ ಆಗಬೇಕು."

ಮೊದಲನೆಯದನ್ನು ದಳವಾಯಿಯ ಮುಂದೆ ಹಿಡಿದ. "ತಾವು ಸಭೆಯಲ್ಲಿ ಹೇಳಿದ ಮಾತೇ, ಸ್ವಾಮಿ." ದಳವಾಯಿ ಒಪ್ಪ ಹಾಕಿದ. ಅವನ ಒಪ್ಪ ಕಂಡ ಮೇಲೆ ಕೆಂಪಿನವರೆಲ್ಲ ಒಕ್ಕಣೆ ಓದದೆಯೇ ಒಪ್ಪ ಹಾಕಿದರು.

ಎರಡನೆಯದನ್ನು ಕಂಕುಳಲ್ಲಿಟ್ಟುಕೊಂಡು ಪ್ರಧಾನಿಯ ಜಗಲಿ ಹತ್ತಿದ.

"ಸ್ವಾಮಿ, ಒಂದು ಗುಟ್ಟು. ನಾಳೆ ಸಭೆಯಲ್ಲಿ ದಳವಾಯಿಗಳು ಎದ್ದು ನಿಂತು 'ಏರಿ ಮುಟ್ಟಕೂಡದು' ಅಂತಾರೆ."

"ಯಾರು? ಇವತ್ತು ದುರಸ್ತಿ ಆಗಬೇಕು ಅಂತ ಕೂಗಾಡಿದವನೇ?"

"ಅವರೇ. ಅನ್ನದಿದ್ದರೆ ನನ್ನ ಕಿವಿ ಕತ್ತರಿಸಿ."

ಪ್ರಧಾನಿ ದಡಬಡಿಸಿ ಎದ್ದ. "ಹಾಗಾದರೆ ಏರಿ ನಿಜವಾಗಿಯೂ ಸೋರುತ್ತಿರಬೇಕು! ಆ ಭೈರ ಬೇಡ ಅಂದಮೇಲೆ ದುರಸ್ತಿ ಆಗಲೇಬೇಕು. ಎಲ್ಲಿ, ಓಲೆ ಬರಿ!"

"ಬರೆದುಕೊಂಡೇ ಬಂದಿದ್ದೇನೆ."

ಸಂಜೆಯೊಳಗೆ ಬಿಳಿಯವರೂ ಒಪ್ಪ ಹಾಕಿ ಮುಗಿಸಿದರು. "ಒಮ್ಮೆ ಓದಿ ನೋಡಿ," ಎಂದು ಹಂಪಯ್ಯ ವೀರಭದ್ರಯ್ಯನಿಗೆ ಹೇಳಿದ.

"ಯಜಮಾನರು ಓದಿದ್ದಾರಲ್ಲಪ್ಪ. ನಾನು ಬೇರೆ ಓದಿ ಏನು ಮಾಡಲಿ?"

ಮರುದಿನ ಮಧ್ಯಾಹ್ನ ನಾಯಕ ಎರಡು ಓಲೆಗಳನ್ನೂ ಓದಿದ. ಮತ್ತೊಮ್ಮೆ ಓದಿದ. "ನಲವತ್ತೂ ಜನ ಒಪ್ಪಿದ್ದಾರೆ! ದುರಸ್ತಿ ಆಗಲಿ ಅಂತ ಎಲ್ಲರೂ ಒಪ್ಪ ಹಾಕಿದ್ದಾರೆ!"

ದಳವಾಯಿ ಛಂಗನೆ ನೆಗೆದು ನಿಂತ. "ಏನು, ಬಿಳಿಯವರೂ ದುರಸ್ತಿ ಬೇಕು ಅಂದರೇ? ಹಾಗಾದರೆ ಇದರಲ್ಲೇನೋ ಮಸಲತ್ತಿದೆ. ಏರಿ ಮುಟ್ಟಕೂಡದು!"

"ಮುಟ್ಟಕೂಡದು!" ಎಂದವು ಇಪ್ಪತ್ತು ಕೆಂಪು ರುಮಾಲುಗಳು.

ಪ್ರಧಾನಿಯ ಮುಖ ಕಪ್ಪಿಟ್ಟಿತು. "ಇವನೂ ದುರಸ್ತಿಗೇ ಒಪ್ಪ ಹಾಕಿದ್ದನೇ? ಲೋ ಹಂಪಯ್ಯ, ನನ್ನ ಮನೆಗೆ ಬಂದು ಸುಳ್ಳು ಹೇಳಿದೆಯಾ!"

"ಯಾವ ಸುಳ್ಳು ಸ್ವಾಮಿ? ದಳವಾಯಿಗಳು ಎದ್ದು ನಿಂತು 'ಏರಿ ಮುಟ್ಟಕೂಡದು' ಅಂತಾರೆ ಅಂದಿದ್ದೆ. ನೋಡಿ, ಇನ್ನೂ ನಿಂತೇ ಇದ್ದಾರೆ."

ಪ್ರಧಾನಿ ಬಾಯಿ ತೆರೆದ, ಮುಚ್ಚಿದ. ದುರಸ್ತಿ ಬೇಕೆಂದರೆ ದಳವಾಯಿಯ ಓಲೆಗೆ ತಲೆಯಾಡಿಸಿದಂತೆ. ಬೇಡವೆಂದರೆ ದಳವಾಯಿಯ ಮಾತಿಗೆ ತಲೆಯಾಡಿಸಿದಂತೆ. ಬಿಳಿ ರುಮಾಲಿನವರು ಅವನ ಬಾಯನ್ನೇ ನೋಡುತ್ತ ಕೂತರು. ಅದರಿಂದ ಮಾತು ಹೊರಡುವವರೆಗೆ ಏರಿ ಸೋರುತ್ತಿದೆಯೋ ಇಲ್ಲವೋ ಅವರಿಗೆ ಗೊತ್ತಾಗುವಂತಿರಲಿಲ್ಲ.

ನಾಯಕ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಮುಗಿದ ಮೇಲೆ ಅವನ ದನಿ ಗಡುಸಾಯಿತು. "ಒಪ್ಪ ಹಾಕಿದ್ದು ಹಾಕಿದ್ದೇ. ದ್ಯಾವಣ್ಣ, ಊರ ಜನರನ್ನು ಕರೆದುಕೊಂಡು ಹೊರಡು. ಈ ನಲವತ್ತು ಜನರೂ ಮಣ್ಣು ಹೊರಲಿ. ಒಬ್ಬ ಕೆಂಪು, ಒಬ್ಬ ಬಿಳಿ, ಹಾಗೆ ಸಾಲು ನಿಲ್ಲಿಸು. ಬುಟ್ಟಿ ಕೈಯಿಂದ ಕೈಗೆ ಹೋಗಬೇಕು."

ಹೊತ್ತು ಮುಳುಗುವುದರೊಳಗೆ ಸೋರುವುದು ನಿಂತಿತು. ಮಣ್ಣು ಮೆತ್ತಿಕೊಂಡು ಯಾರ ರುಮಾಲು ಯಾವ ಬಣ್ಣದ್ದೆಂದು ಅವರವರ ಹೆಂಡಿರಿಗೂ ಗುರುತು ಹತ್ತಲಿಲ್ಲ.

ನಾಯಕ ತನ್ನ ಹೆಗಲ ಶಾಲು ತೆಗೆದು ಹಂಪಯ್ಯನಿಗೆ ಹೊದಿಸಿದ. "ಭಲೇ! ಆದರೆ ಒಂದು ಅನುಮಾನ ಉಳಿದಿದೆ. ನಿಜ ಹೇಳು, ನೀನು ಯಾರ ಕಡೆ? ದಳವಾಯಿಯ ಕಡೆಯೋ, ಪ್ರಧಾನಿಯ ಕಡೆಯೋ?"

"ನಾನು ಕೆರೆಯ ಕೆಳಗಿನ ಕಡೆ, ಪ್ರಭು," ಎಂದ ಹಂಪಯ್ಯ. "ತಾವೂ ಒಮ್ಮೆ ಕಿಟಕಿಯಿಂದ ಇಣುಕಿ ನೋಡಿ. ಅರಮನೆಯೂ ಅದೇ ಕಡೆಗಿದೆ."